ತಗಡಿನ ಬಾಗು ಅಳೆದ ಸೋಫಿ ಜೆರ್ಮೈನ್

1816ನೇ ಇಸವಿ ಜನವರಿ 8. ಪ್ಯಾರಿಸ್ಸಿನ ಇನ್‌ಸ್ಟಿಟ್ಯೂಟ್‌ನಲ್ಲಿ ಅಂದು ಬಹುಮಾನ ಸಭೆ. ಫ್ರಾನ್ಸಿನ ಅತಿ ದೊಡ್ಡ ವಿದ್ವಾಂಸರೆಲ್ಲ ಸೇರುವ ಜಾಗ ಅದು. ಗಣಿತದ ಬಹುಮಾನ ಒಬ್ಬ ಹೆಂಗಸಿಗೆ ಬಂದಿದೆ ಎಂಬ ಸುದ್ದಿ ಊರಲ್ಲಿ ಹಬ್ಬಿತ್ತು. ಅದುವರೆಗೆ ಅಲ್ಲಿ ಹಾಗೆ ಆದದ್ದೇ ಇಲ್ಲ. ಆಕೆಯನ್ನು ಕಣ್ಣಾರೆ ನೋಡಲೆಂದೇ ಜನ ಬಂದಿದ್ದರು. ಹೆಸರು ಘೋಷಣೆಯಾಯಿತು. ಆಕೆ ಮಾತ್ರ ಸಭೆಗೆ ಬಂದಿರಲಿಲ್ಲ.

ಆಕೆಯೇ ಸೋಫಿ ಜೆರ್ಮೈನ್. ಆಗ ವಯಸ್ಸು 39. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಹತ್ತಲು ಬಿಟ್ಟಿರಲೂ ಇಲ್ಲ. ಬಹುಮಾನ ಬಂದದ್ದು ಕೇಳಲು ಬಹಳ ಸುಲಭವಾದ ಒಂದು ಪ್ರಶ್ನೆಗೆ. ತೆಳ್ಳಗಿನ ತಗಡೊಂದನ್ನು ಬಾಗಿಸಿದರೆ ಅದು ಎಷ್ಟು ಬಾಗಿತು ಎಂದು ಅಳೆಯುವುದು ಹೇಗೆ? ಮರಳಿ ತನ್ನ ರೂಪಕ್ಕೆ ಬರಲು ಅದು ಎಷ್ಟು ಬಲ ಹಾಕುತ್ತದೆ? ಇವತ್ತು ವಿಮಾನದ ಮೈ, ನೀರಿನ ಟ್ಯಾಂಕು, ಕಾಂಕ್ರೀಟು ಗುಮ್ಮಟ, ಹಡಗಿನ ತಳ ಏನೇ ಕಟ್ಟುವುದಿದ್ದರೂ ಇಂಜಿನಿಯರುಗಳು ಮೊದಲು ಉತ್ತರಿಸಬೇಕಾದ ಪ್ರಶ್ನೆಯೂ ಇದೇ. ಸೋಫಿ ಕೊಟ್ಟ ಉತ್ತರ ಅರ್ಧ ಸರಿ, ಅರ್ಧ ತಪ್ಪು. ಆ ಸರಿ ಯಾವುದು, ತಪ್ಪು ಯಾವುದು, ತಪ್ಪು ಯಾಕಾಯಿತು ಎಂಬುದರಲ್ಲೇ ಆಕೆಯ ಬದುಕಿನ ಕತೆ ಇದೆ.

ಮೇಣದ ಬತ್ತಿ ಕಸಿದುಕೊಂಡ ಮನೆ

ಸೋಫಿ ಹುಟ್ಟಿದ್ದು 1776ರ ಏಪ್ರಿಲ್ 1ರಂದು, ಪ್ಯಾರಿಸ್ಸಿನಲ್ಲೇ. ತಂದೆ ಆಂಬ್ರೋಸ್ ಫ್ರಾಂಸ್ವಾ ಜೆರ್ಮೈನ್ ರೇಷ್ಮೆ ವ್ಯಾಪಾರಿ, ಕೈಯಲ್ಲಿ ಕಾಸಿದ್ದವರು. 1789ರಲ್ಲಿ ಜನಸಾಮಾನ್ಯರ ಪ್ರತಿನಿಧಿಯಾಗಿ ದೇಶದ ಮಹಾಸಭೆಗೂ ಆಯ್ಕೆಯಾದರು. ಅದೇ ವರ್ಷ ಜುಲೈ 14ರಂದು ಬಾಸ್ಟಿಲ್ ಕೋಟೆ ಬಿತ್ತು, ಕ್ರಾಂತಿ ಶುರುವಾಯಿತು. ಬೀದಿಯಲ್ಲಿ ಗಲಾಟೆ, ಹೊರಗೆ ಕಾಲಿಡುವಂತಿಲ್ಲ. 13 ವರ್ಷದ ಹುಡುಗಿ ಅಪ್ಪನ ಪುಸ್ತಕದ ಕೋಣೆ ಸೇರಿಕೊಂಡಳು.

ಅಲ್ಲಿ ಸಿಕ್ಕಿದ್ದು ಮೊಂತುಕ್ಲಾ ಎಂಬವರು ಬರೆದ ಗಣಿತದ ಇತಿಹಾಸ. ಅದರಲ್ಲಿ ಆರ್ಕಿಮಿಡೀಸನ ಸಾವಿನ ಕತೆ ಬರುತ್ತದೆ. ರೋಮನ್ ಸೈನಿಕ ಬಂದು ಎದುರು ನಿಂತರೂ ಆತ ರೇಖಾಗಣಿತದ ಚಿತ್ರದಲ್ಲಿ ಮುಳುಗಿಹೋಗಿದ್ದನಂತೆ, ಉತ್ತರ ಕೊಡಲಿಲ್ಲವೆಂದು ಸೈನಿಕ ಕೊಂದೇ ಬಿಟ್ಟನಂತೆ. ಜೀವದ ಪರಿವೆಯೇ ಇಲ್ಲದಂತೆ ಮಾಡುವ ವಿದ್ಯೆಯೊಂದಿದ್ದರೆ ಅದನ್ನು ಕಲಿಯಲೇಬೇಕು ಎಂದು ಹುಡುಗಿಗೆ ಅನಿಸಿತು. ನ್ಯೂಟನ್, ಆಯ್ಲರ್ ಅವರ ಪುಸ್ತಕಗಳು ಇದ್ದದ್ದು ಲ್ಯಾಟಿನ್ ಭಾಷೆಯಲ್ಲಿ. ಲ್ಯಾಟಿನ್ನನ್ನೂ ತಾನೇ ಕಲಿತಳು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು ಭಾಷೆ ಆಡಿ ಬೆಳೆದ ನಮ್ಮ ಗಡಿನಾಡಿನವರಿಗೆ ಇದು ಅಷ್ಟೇನೂ ದೊಡ್ಡದಲ್ಲ ಅನಿಸಬಹುದು. ಆದರೆ ಮಾತಾಡಲು ಒಬ್ಬರೂ ಇಲ್ಲದ ಭಾಷೆಯನ್ನು ಬರೀ ಗಣಿತಕ್ಕಾಗಿ ಕಲಿಯುವುದು ಬೇರೆಯೇ ಮಾತು.

ಅಪ್ಪ ಅಮ್ಮನಿಗೆ ಇದು ಹಿಡಿಸಲಿಲ್ಲ. ಹೆಣ್ಣುಮಗಳಿಗೆ ಗಣಿತ ಯಾಕೆ ಎಂಬುದು ಆ ಕಾಲದ ಲೋಕಾರೂಢಿ. ರಾತ್ರಿ ಕೂತು ಓದದಿರಲಿ ಎಂದು ಕೋಣೆಯ ಬೆಂಕಿ ಆರಿಸಿದರು, ಬೆಚ್ಚಗಿನ ಬಟ್ಟೆ ತೆಗೆದಿಟ್ಟರು, ಮೇಣದ ಬತ್ತಿ ಕಸಿದುಕೊಂಡರು. ಹುಡುಗಿ ಬತ್ತಿ ಬಚ್ಚಿಟ್ಟುಕೊಂಡು, ಕಂಬಳಿ ಸುತ್ತಿಕೊಂಡು ಓದಿದಳು. ಒಂದು ಬೆಳಿಗ್ಗೆ ನೋಡಿದರೆ ದೌತಿಯಲ್ಲಿ ಶಾಯಿ ಹೆಪ್ಪುಗಟ್ಟಿತ್ತು, ಮಗಳು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಆಕೆಯ ಪರಿಚಯದವರೇ ಆದ ಲಿಬ್ರಿ ಎಂಬ ಗಣಿತಜ್ಞರು ಬರೆದಿಟ್ಟ ಕತೆ ಇದು. ಕೊನೆಗೆ ಅಪ್ಪ ಅಮ್ಮ ಸೋತರು. ಸೋಫಿ ಮದುವೆಯಾಗಲಿಲ್ಲ, ಕೊನೆಯವರೆಗೂ ಅಪ್ಪನ ಹಣದಲ್ಲೇ ಬದುಕಿದರು. ಅದು ಇಲ್ಲದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ, ಅದನ್ನೂ ಹೇಳಿಬಿಡಬೇಕು.

ಗಂಡಸಿನ ಹೆಸರು

1794ರಲ್ಲಿ ಪ್ಯಾರಿಸ್ಸಿನಲ್ಲಿ ಇಕೋಲ್ ಪಾಲಿಟೆಕ್ನಿಕ್ ಎಂಬ ದೊಡ್ಡ ವಿದ್ಯಾಲಯ ಶುರುವಾಯಿತು. ಹೆಂಗಸರಿಗೆ ಪ್ರವೇಶವಿಲ್ಲ. ಆದರೆ ಪಾಠದ ಟಿಪ್ಪಣಿಗಳು ಹೊರಗೆ ಸಿಗುತ್ತಿದ್ದವು. ಲಗ್ರಾಂಜ್ ಅವರ ಪಾಠದ ಟಿಪ್ಪಣಿ ತರಿಸಿಕೊಂಡು ಓದಿದ ಸೋಫಿ, ತಮ್ಮ ಉತ್ತರವನ್ನು ಲ ಬ್ಲಾಂಕ್ ಎಂಬ ವಿದ್ಯಾರ್ಥಿಯ ಹೆಸರಲ್ಲಿ ಕಳಿಸಿದರು. ಉತ್ತರ ನೋಡಿದ ಲಗ್ರಾಂಜ್‌ಗೆ ಈ ಹುಡುಗ ಯಾರೆಂದು ತಿಳಿಯುವ ಆಸೆಯಾಯಿತು. ಹುಡುಗನಲ್ಲ, ಹುಡುಗಿ ಎಂದು ಗೊತ್ತಾದ ಮೇಲೂ ಅವರು ಮುಖ ತಿರುಗಿಸಲಿಲ್ಲ. ಬೆಂಬಲಕ್ಕೆ ನಿಂತರು.

ಅದೇ ಹೆಸರಲ್ಲಿ 1804ರಲ್ಲಿ ಜರ್ಮನಿಯ ಗೌಸ್ ಅವರಿಗೂ ಪತ್ರ ಬರೆದರು. ಗೌಸ್ 1801ರಲ್ಲಿ ಅಂಕಿಗಳ ಗಣಿತದ ಬಗ್ಗೆ ಹೊರತಂದಿದ್ದ ದೊಡ್ಡ ಗ್ರಂಥವನ್ನು ಅರ್ಥ ಮಾಡಿಕೊಂಡವರು ಆಗ ಬೆರಳೆಣಿಕೆಯಷ್ಟು ಜನ. ಲ ಬ್ಲಾಂಕ್ ಮಹಾಶಯರ ಪತ್ರ ಕಂಡು ಗೌಸ್‌ಗೆ ಖುಷಿಯಾಯಿತು. ಎರಡು ವರ್ಷ ಪತ್ರ ನಡೆಯಿತು. 1806ರಲ್ಲಿ ನೆಪೋಲಿಯನ್ನನ ಸೈನ್ಯ ಗೌಸ್ ಇದ್ದ ಬ್ರೌನ್‌ಶ್ವೈಗ್ ಪಟ್ಟಣವನ್ನು ಹಿಡಿಯಿತು. ಸೋಫಿಗೆ ಆರ್ಕಿಮಿಡೀಸ್ ನೆನಪಾದ. ಸೈನ್ಯದಲ್ಲಿದ್ದ ಮನೆಯ ಪರಿಚಿತ ಜನರಲ್ ಪೆರ್ನೆತಿಗೆ ಬರೆದು, ಗೌಸ್‌ಗೆ ತೊಂದರೆ ಆಗದಂತೆ ನೋಡಿಕೊಳ್ಳಿ ಎಂದು ಕೇಳಿಕೊಂಡರು. ಅಧಿಕಾರಿಯೊಬ್ಬ ಗೌಸ್ ಮನೆಗೆ ಹೋಗಿ ಪ್ಯಾರಿಸ್ಸಿನ ಸೋಫಿ ಜೆರ್ಮೈನ್ ನಿಮ್ಮ ಯೋಗಕ್ಷೇಮ ವಿಚಾರಿಸಿದ್ದಾರೆ ಎಂದ. ಗೌಸ್ ತಬ್ಬಿಬ್ಬು. ಆ ಹೆಸರಿನವರು ಯಾರೂ ಗೊತ್ತಿರಲಿಲ್ಲ. 1807ರ ಫೆಬ್ರವರಿಯಲ್ಲಿ ಸೋಫಿ ನಿಜ ಹೇಳಿದರು. ಗೌಸ್ ಆ ಏಪ್ರಿಲ್‌ನಲ್ಲಿ ಬರೆದ ಉತ್ತರದಲ್ಲಿ ಆಶ್ಚರ್ಯವಿತ್ತು, ಮೆಚ್ಚುಗೆಯಿತ್ತು. ಹೆಂಗಸರಿಗೆ ಈ ವಿದ್ಯೆಯ ದಾರಿಯಲ್ಲಿ ಎಷ್ಟು ಅಡೆತಡೆ ಇದೆ ಎಂದು ಬಲ್ಲವರ ಮಾತೂ ಇತ್ತು. ಮುಂದೆ ಗೌಸ್ ಖಗೋಳ ವೀಕ್ಷಣಾಲಯದ ಕೆಲಸ ಹಿಡಿದರು, ಪತ್ರಗಳು ನಿಂತವು. ಸೋಫಿಗೂ ಹೊಸ ಹುಚ್ಚು ಹಿಡಿಯುವ ಕಾಲ ಬಂದಿತ್ತು.

ಮರಳು ಬರೆದ ರಂಗೋಲಿ

1808ರ ಕೊನೆಗೆ ಜರ್ಮನಿಯಿಂದ ಕ್ಲಾಡ್ನಿ ಎಂಬವರು ಪ್ಯಾರಿಸ್ಸಿಗೆ ಬಂದರು. ಅವರದ್ದು ಒಂದು ಥರ ಊರೂರು ತಿರುಗುವ ವಿಜ್ಞಾನದ ಆಟ. ಗಾಜಿನದೋ ಲೋಹದ್ದೋ ತೆಳು ತಗಡಿನ ಮೇಲೆ ಮರಳು ಉದುರಿಸಿ, ಅಂಚಿಗೆ ಪಿಟೀಲಿನ ಕಮಾನು ಎಳೆಯುತ್ತಿದ್ದರು. ತಗಡು ಹಾಡುತ್ತದೆ, ಮರಳು ಕುಣಿಯುತ್ತದೆ, ಕೊನೆಗೆ ಗೆರೆಗೆರೆಯಾಗಿ ನಿಂತು ರಂಗೋಲಿಯಂತೆ ಕಾಣುತ್ತದೆ. ತಗಡು ಅದುರದೆ ನಿಂತ ಜಾಗದಲ್ಲಿ ಮರಳು ಸೇರುತ್ತದೆ, ಅಷ್ಟೇ ಗುಟ್ಟು. ಸ್ವರ ಬದಲಾದರೆ ಚಿತ್ರವೂ ಬದಲು. 1809ರಲ್ಲಿ ನೆಪೋಲಿಯನ್ ಎದುರೂ ಈ ಆಟ ನಡೆಯಿತು. ಚಕ್ರವರ್ತಿಗೆ ಎಷ್ಟು ಹಿಡಿಸಿತೆಂದರೆ ಕ್ಲಾಡ್ನಿ ಪುಸ್ತಕದ ಫ್ರೆಂಚ್ ಆವೃತ್ತಿಗೆ 6000 ಫ್ರಾಂಕ್ ಕೊಟ್ಟ. ಈ ಚಿತ್ರಗಳಿಗೆ ಗಣಿತದ ಕಾರಣ ಹೇಳಿದವರಿಗೆ 3000 ಫ್ರಾಂಕ್ ಬೆಲೆಯ ಪದಕ ಕೊಡಲು ಇನ್‌ಸ್ಟಿಟ್ಯೂಟ್ ಸ್ಪರ್ಧೆಯನ್ನೂ ಸಾರಿತು. ಗಡುವು 1811ರ ಅಕ್ಟೋಬರ್.

(ನಮ್ಮಲ್ಲೂ ಇಂಥದ್ದು ನಡೆದಿದೆ. ಸಿ.ವಿ. ರಾಮನ್ ಬೆಂಗಳೂರಿನಲ್ಲಿದ್ದಾಗ ಮೃದಂಗ, ತಬಲಾದ ಮೇಲೆ ಮರಳು ಉದುರಿಸಿ ನೋಡಿ 1934ರಲ್ಲಿ ಲೇಖನ ಪ್ರಕಟಿಸಿದರು. ಆದರೆ ಮೃದಂಗದ ಚರ್ಮ ಮರಳಿ ಬರುವುದು ಬಿಗಿದು ಕಟ್ಟಿದ ಎಳೆತದಿಂದ. ತಗಡಿಗೆ ಯಾರೂ ಬಿಗಿದಿರುವುದಿಲ್ಲ. ಅದು ಮರಳಿ ಬರುವುದು ಬಾಗಲು ಒಲ್ಲೆ ಎನ್ನುವ ತನ್ನದೇ ಹಟದಿಂದ. ಹಾಗಾಗಿ ತಗಡಿನ ಲೆಕ್ಕ ಕಷ್ಟ.)

ಈಗಿರುವ ಗಣಿತ ಇದಕ್ಕೆ ಸಾಲದು ಎಂದು ಲಗ್ರಾಂಜ್ ಅವರೇ ಹೇಳಿದ ಮೇಲೆ ಮಿಕ್ಕವರು ಯಾರೂ ಕೈ ಹಾಕಲಿಲ್ಲ. ಸೋಫಿ ಹಾಕಿದರು.

ಬಾಗು ಎಂದರೆ ಎಷ್ಟು?

ಇಲ್ಲಿ ಸ್ವಲ್ಪ ನಿಂತು ಲೆಕ್ಕ ಅರ್ಥ ಮಾಡಿಕೊಳ್ಳೋಣ. ಕಷ್ಟವೇನಿಲ್ಲ.

ಬಿದಿರಿನ ಸಲಾಕೆಯೊಂದನ್ನು ಬಾಗಿಸಿ. ಬಾಗಿದ ಜಾಗಕ್ಕೆ ಒಂದು ವೃತ್ತವನ್ನು ಒತ್ತಿ ಹಿಡಿದಂತೆ ಊಹಿಸಿ. ಕಡಿಮೆ ಬಾಗಿದ್ದರೆ ದೊಡ್ಡ ವೃತ್ತ ಕೂರುತ್ತದೆ, ಹೆಚ್ಚು ಬಾಗಿದ್ದರೆ ಸಣ್ಣದು. ಆದ್ದರಿಂದ 1ನ್ನು ಆ ವೃತ್ತದ ತ್ರಿಜ್ಯದಿಂದ ಭಾಗಿಸಿದರೆ ಬಾಗಿನ ಅಳತೆ ಸಿಗುತ್ತದೆ. ಇದಕ್ಕೆ ವಕ್ರತೆ ಎನ್ನುತ್ತಾರೆ. ಸಲಾಕೆ ಮರಳಿ ನೆಟ್ಟಗಾಗಲು ಹಾಕುವ ಬಲ ಈ ವಕ್ರತೆ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಇದನ್ನು ಆಯ್ಲರ್ ಮೊದಲಾದವರು ಆಗಲೇ ಕಂಡುಕೊಂಡಿದ್ದರು.

ಸಲಾಕೆ ಬಾಗುವುದು ಒಂದೇ ದಿಕ್ಕಿಗೆ. ಅಡಿಕೆ ಹಾಳೆಯನ್ನು ಬಾಗಿಸಿ ನೋಡಿ. ಉದ್ದಕ್ಕೆ ಒಂದು ಬಾಗು, ಅಡ್ಡಕ್ಕೆ ಇನ್ನೊಂದು, ಓರೆಯಾಗಿ ನೋಡಿದರೆ ಮತ್ತೊಂದು. ಒಂದೇ ಚುಕ್ಕೆಯಲ್ಲಿ ನೂರು ವಕ್ರತೆ. ಯಾವುದನ್ನು ಹಿಡಿಯಬೇಕು? ಆ ನೂರರಲ್ಲಿ ಎಲ್ಲಕ್ಕಿಂತ ಹೆಚ್ಚಿನದು ಮತ್ತು ಎಲ್ಲಕ್ಕಿಂತ ಕಡಿಮೆಯದು ಯಾವಾಗಲೂ ಒಂದಕ್ಕೊಂದು ಲಂಬವಾಗಿರುತ್ತವೆ, ಆ ಎರಡು ಗೊತ್ತಿದ್ದರೆ ಉಳಿದದ್ದೆಲ್ಲ ಗೊತ್ತಾಗುತ್ತದೆ ಎಂದೂ ಆಯ್ಲರ್ ತೋರಿಸಿದ್ದರು. ಸೋಫಿ ಹಿಡಿದದ್ದು ಈ ಎಳೆಯನ್ನು. ಆ ಎರಡು ವಕ್ರತೆಗಳನ್ನು ಕೂಡಿಸಿ, ಆ ಮೊತ್ತವೇ ತಗಡಿನ ಬಾಗಿನ ಅಳತೆ, ತಗಡು ಹಾಕುವ ಬಲ ಆ ಮೊತ್ತದ ಪ್ರಮಾಣದಲ್ಲಿರುತ್ತದೆ ಎಂದರು.

ಮೊದಲೇ ಬಾಗಿದ ವಸ್ತುವಾದರೆ? ತೆಂಗಿನ ಗೆರಟೆ, ಗಂಟೆ, ಕೊಳವೆ ಇವೆಲ್ಲ ಹುಟ್ಟಿನಿಂದಲೇ ಬಾಗಿದವು, ಸುಮ್ಮನಿದ್ದಾಗ ಯಾವ ಬಲವನ್ನೂ ಹಾಕುವುದಿಲ್ಲ. ಹಾಗಾದರೆ ಈಗಿನ ಮೊತ್ತದಿಂದ ಮೊದಲಿನ ಮೊತ್ತವನ್ನು ಕಳೆಯಬೇಕು, ಉಳಿದದ್ದೇ ನಿಜವಾದ ಬಾಗು ಎಂದರು ಸೋಫಿ. ಎಷ್ಟು ಬಾಗಿದೆ ಎಂಬುದಲ್ಲ, ಬಾಗು ಎಷ್ಟು ಬದಲಾಯಿತು ಎಂಬುದು ಮುಖ್ಯ. ತೆಳು ಚಿಪ್ಪುಗಳ ಇಂದಿನ ಶಾಸ್ತ್ರ ನಿಂತಿರುವುದು ಈ ಮಾತಿನ ಮೇಲೆಯೇ. ನನ್ನ ಪ್ರಕಾರ ಆಕೆಯ ಎಲ್ಲ ಕೆಲಸದಲ್ಲಿ ದೊಡ್ಡದು ಇದು.

ಮೂರು ಸಲ ಬರೆದ ಪರೀಕ್ಷೆ

1811ರಲ್ಲಿ ಸ್ಪರ್ಧೆಗೆ ಬಂದದ್ದು ಒಂದೇ ಉತ್ತರ, ಸೋಫಿಯದ್ದು. ಹೆಸರಿಲ್ಲದೆ ಕಳಿಸಬೇಕೆಂಬುದು ನಿಯಮ. ತೀರ್ಪುಗಾರರು ಲಗ್ರಾಂಜ್, ಲಾಪ್ಲಾಸ್, ಲೆಜಾಂಡ್ರೆ, ಲಾಕ್ರ್ವಾ, ಮಾಲುಸ್. ಬಹುಮಾನ ಸಿಗಲಿಲ್ಲ. ಊಹೆ ಚೆನ್ನಾಗಿತ್ತು, ಊಹೆಯಿಂದ ಸಮೀಕರಣಕ್ಕೆ ಹೋಗುವ ದಾರಿಯಲ್ಲಿ ತಪ್ಪಾಗಿತ್ತು. ಇಡೀ ತಗಡಿನ ಮೇಲೆ ಬಾಗಿನ ಪರಿಣಾಮವನ್ನು ಕೂಡಿಸಿ ಸಮೀಕರಣ ತೆಗೆಯಲು ಲಗ್ರಾಂಜ್ ಅವರೇ ಬೆಳೆಸಿದ ಒಂದು ವಿಶೇಷ ಕಲನಗಣಿತ ಬೇಕು. ಅದನ್ನು ಯಾರೂ ಸೋಫಿಗೆ ಕೂರಿಸಿ ಕಲಿಸಿರಲಿಲ್ಲ. ತರಗತಿಯಲ್ಲಿ ಮೇಷ್ಟ್ರು ಒಂದು ಗಂಟೆಯಲ್ಲಿ ತಿದ್ದುವ ತಪ್ಪು ಒಬ್ಬರೇ ಕೂತು ಕಲಿತವರಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತದೆ. ಲಗ್ರಾಂಜ್ ಆ ಊಹೆಯನ್ನೇ ಇಟ್ಟುಕೊಂಡು ಲೆಕ್ಕ ತಿದ್ದಿದರು. ಬಂದ ಸಮೀಕರಣ ಸರಿಯಾಗಿತ್ತು. ಚಪ್ಪಟೆ ತಗಡಿಗೆ ಇಂದಿಗೂ ಅದೇ ಸಮೀಕರಣ, ಜೆರ್ಮೈನ್-ಲಗ್ರಾಂಜ್ ಸಮೀಕರಣ ಎಂದೇ ಹೆಸರು.

ಗಡುವು ಎರಡು ವರ್ಷ ಮುಂದೆ ಹೋಯಿತು. 1813ರಲ್ಲಿ ಮತ್ತೆ ಬಂದದ್ದು ಸೋಫಿಯ ಉತ್ತರ ಒಂದೇ. ಈ ಸಲ ಸಮೀಕರಣದಿಂದ ಲೆಕ್ಕ ಹಾಕಿದ ಸ್ವರಗಳನ್ನು ಪ್ರಯೋಗದ ಜೊತೆ ಹೋಲಿಸಿದ್ದರು. ಹಲವು ಕಡೆ ತಾಳೆ ಬಿತ್ತು. ಗೌರವದ ಉಲ್ಲೇಖ ಸಿಕ್ಕಿತು, ಪದಕ ಸಿಗಲಿಲ್ಲ. ಸಮೀಕರಣ ಎಲ್ಲಿಂದ ಬಂತು ಎಂಬುದಕ್ಕೆ ಆಧಾರ ಸಾಲದು ಎಂದರು. ಅಷ್ಟರಲ್ಲಿ ಆ ವರ್ಷದ ಏಪ್ರಿಲ್‌ನಲ್ಲೇ ಲಗ್ರಾಂಜ್ ತೀರಿಕೊಂಡಿದ್ದರು.

ಮತ್ತೆ ಎರಡು ವರ್ಷದ ಗಡುವು. ನಡುವೆ ಒಂದು ಬೆಳವಣಿಗೆ. 1812ರಲ್ಲಿ ಮಾಲುಸ್ ತೀರಿಕೊಂಡು ಅವರ ಜಾಗಕ್ಕೆ ಪಾಯ್ಸನ್ ಆಯ್ಕೆಯಾಗಿದ್ದರು. ಸದಸ್ಯರಾದ ಮೇಲೆ ಸ್ಪರ್ಧಿಸುವಂತಿಲ್ಲ. ಆದರೂ 1814ರಲ್ಲಿ, ಸ್ಪರ್ಧೆ ಇನ್ನೂ ನಡೆಯುತ್ತಿರುವಾಗಲೇ, ಪಾಯ್ಸನ್ ಇದೇ ವಿಷಯದ ಮೇಲೆ ತಮ್ಮ ಪ್ರಬಂಧವನ್ನು ಸಭೆಯಲ್ಲಿ ಓದಿದರು. ತಗಡು ಸಣ್ಣ ಸಣ್ಣ ಕಣಗಳಿಂದ ಆಗಿದೆ, ಕಣ ಕಣಗಳ ನಡುವೆ ಬಲ ಇದೆ ಎಂದು ಹೊರಟು ಅದೇ ಸಮೀಕರಣಕ್ಕೆ ಬಂದು ತಲುಪಿದ್ದರು. ಗುರಿ ಯಾವುದೆಂದು ಮೊದಲೇ ಗೊತ್ತಿದ್ದವರಿಗೆ ದಾರಿ ಹುಡುಕುವುದು ಸುಲಭ. ಇದು ನ್ಯಾಯವೇ ಎಂಬುದನ್ನು ಓದುಗರು ಯೋಚಿಸಲಿ.

ಸೋಫಿ ಮೂರನೇ ಸಲ ಬರೆದರು. ಈ ಸಲ ಬಾಗಿದ ಮೇಲ್ಮೈಗಳನ್ನೂ ಸೇರಿಸಿದರು, ಪ್ರಯೋಗವನ್ನೂ ತಾವೇ ಮಾಡಿದರು. 1816ರಲ್ಲಿ ಪದಕ ಬಂತು. ಆದರೆ ಸಾಧನೆ ಪೂರ್ತಿ ಬಿಗಿಯಾಗಿಲ್ಲ ಎಂಬ ಟಿಪ್ಪಣಿಯೊಂದಿಗೆ ಬಂತು. ಸಭೆಗೆ ಸೋಫಿ ಯಾಕೆ ಹೋಗಲಿಲ್ಲವೋ, ತಮ್ಮ ಕೆಲಸವನ್ನು ಈ ದೊಡ್ಡವರು ಪೂರ್ತಿ ಗಣನೆಗೆ ತಂದುಕೊಂಡಿಲ್ಲ ಎಂದು ಆಕೆಗೆ ಅನಿಸಿತ್ತು ಎನ್ನುವವರಿದ್ದಾರೆ. ತಪ್ಪಿದ್ದರೆ ಎದುರು ಕೂತು ಹೇಳಿಕೊಡುವವರು ಬೇಕಿತ್ತು. ಪಾಯ್ಸನ್ ಚರ್ಚೆಗೇ ಇಳಿಯಲಿಲ್ಲ.

ತಪ್ಪು ಎಲ್ಲಿತ್ತು?

ಕರಿದ ಹಪ್ಪಳ ಕೆಲವೊಮ್ಮೆ ಕುದುರೆಯ ಜೀನಿನ ಆಕಾರಕ್ಕೆ ತಿರುಚಿಕೊಳ್ಳುವುದನ್ನು ನೋಡಿದ್ದೀರಲ್ಲ. ಒಂದು ದಿಕ್ಕಿಗೆ ಮೇಲೆ ಬಾಗಿರುತ್ತದೆ, ಅಡ್ಡ ದಿಕ್ಕಿಗೆ ಕೆಳಗೆ. ಒಂದು ವಕ್ರತೆಗೆ ಕೂಡು ಚಿಹ್ನೆ, ಇನ್ನೊಂದಕ್ಕೆ ಕಳೆ ಚಿಹ್ನೆ. ಎರಡೂ ಒಂದೇ ಅಳತೆಯಾಗಿದ್ದರೆ ಮೊತ್ತ ಸೊನ್ನೆ. ಸೋಫಿಯ ಅಳತೆಯಂತೆ ಆ ತಗಡು ಬಾಗಿಯೇ ಇಲ್ಲ, ಯಾವ ಬಲವೂ ಇಲ್ಲ. ಆದರೆ ಕಬ್ಬಿಣದ ತಗಡನ್ನು ಹಾಗೆ ತಿರುಚಲು ಹೋದವರಿಗೆ ಗೊತ್ತು, ಅದು ಸುಮ್ಮನೆ ಬಿಡುವುದಿಲ್ಲ.

ಕೊರತೆ ಇದೇ. ಎರಡು ವಕ್ರತೆಗಳ ಮೊತ್ತ ಒಂದೇ ಸಾಲದು, ಗುಣಲಬ್ಧವೂ ಬೇಕು. ಇದನ್ನು 1850ರಲ್ಲಿ ಜರ್ಮನಿಯ ಕಿರ್ಚಾಫ್ ಸರಿಮಾಡಿದರು. ವಿದ್ಯುತ್ತಿನ ಪಾಠದಲ್ಲಿ ನಮ್ಮ ಮಕ್ಕಳು ಹೆಸರು ಕೇಳುವ ಕಿರ್ಚಾಫ್ ಅವರೇ. ಹಾಗಾದರೆ ಕೊರತೆ ಇರುವ ಅಳತೆಯಿಂದ ಸೋಫಿಗೆ ಸರಿಯಾದ ಸಮೀಕರಣ ಹೇಗೆ ಬಂತು? ಚಪ್ಪಟೆ ತಗಡು ಸ್ವಲ್ಪವೇ ಬಾಗಿದಾಗ, ಗುಣಲಬ್ಧದ ಭಾಗವನ್ನು ಇಡೀ ತಗಡಿನ ಮೇಲೆ ಕೂಡಿಸಿದರೆ ಒಳಗಿನದೆಲ್ಲ ತಾನೇ ಕಳೆದುಹೋಗಿ ಅಂಚಿನಲ್ಲಿ ಮಾತ್ರ ಉಳಿಯುತ್ತದೆ. ಹಾಗಾಗಿ ಒಳಗಿನ ಸಮೀಕರಣ ಸರಿ, ಅಂಚಿನ ನಿಯಮ ತಪ್ಪು. ಕ್ಲಾಡ್ನಿಯ ತಗಡಿಗೆ ಅಂಚುಗಳೆಲ್ಲ ಬಿಡುವಾಗಿಯೇ ಇರುತ್ತವಲ್ಲ, ಆದ್ದರಿಂದಲೇ ಆಕೆಯ ಲೆಕ್ಕ ಕೆಲವು ಕಡೆ ಪ್ರಯೋಗಕ್ಕೆ ಹೊಂದಲಿಲ್ಲ. ನಾಲ್ಕೂ ಅಂಚು ಬಿಡುವಾಗಿರುವ ಚೌಕ ತಗಡಿನ ಚಿತ್ರಗಳನ್ನು ಕಿರ್ಚಾಫ್ ನಿಯಮದಿಂದ ಚೆನ್ನಾಗಿ ಲೆಕ್ಕ ಹಾಕಿ ತೋರಿಸಿದ್ದು ಸ್ವಿಟ್ಜರ್ಲೆಂಡಿನ ವಾಲ್ಟರ್ ರಿಟ್ಜ್, ಅದೂ 1909ರಲ್ಲಿ. ನೆಪೋಲಿಯನ್ ಬೆರಗಾಗಿ ನೋಡಿ ಅಷ್ಟು ಹೊತ್ತಿಗೆ ನೂರು ವರ್ಷ ಆಗಿತ್ತು.

ಬಾಗಿದ ಚಿಪ್ಪುಗಳ ವಿಷಯದಲ್ಲಿ ಸೋಫಿಯ ಸಮೀಕರಣಗಳು ನಿಲ್ಲಲಿಲ್ಲ. ಅಲ್ಲಿ ಬಾಗಿನ ಜೊತೆಗೆ ಹಿಗ್ಗೂ ಬರುತ್ತದೆ. ಒಂದು ಹಸಿ ಹಾಳೆಯನ್ನು ಕೊಳವೆಯಂತೆ ಸುರುಳಿ ಸುತ್ತಬಹುದು, ಏನೂ ತೊಂದರೆಯಿಲ್ಲ. ಅದನ್ನೇ ತಲೆಗೆ ಕೂರುವ ಮುಟ್ಟಾಳೆ ಮಾಡಬೇಕಾದರೆ ನೆರಿಗೆ ಹಿಡಿಯಲೇಬೇಕು, ಇಲ್ಲವೇ ಎಲ್ಲಾದರೂ ಹಿಗ್ಗಬೇಕು, ಹರಿಯಬೇಕು. ಹಿಗ್ಗದೆ, ಕುಗ್ಗದೆ ಬಾಗಿಸಿದರೆ ಎರಡು ವಕ್ರತೆಗಳ ಗುಣಲಬ್ಧ ಬದಲಾಗುವುದಿಲ್ಲ. ಚಪ್ಪಟೆ ಹಾಳೆಯಲ್ಲಿ ಅದು ಸೊನ್ನೆ, ಸುರುಳಿಯಲ್ಲೂ ಸೊನ್ನೆ, ಮುಟ್ಟಾಳೆಯಲ್ಲಿ ಸೊನ್ನೆಯಲ್ಲ. ಈ ಸತ್ಯವನ್ನು 1827ರಲ್ಲಿ ಹೇಳಿದವರು ಬೇರೆ ಯಾರೂ ಅಲ್ಲ, ಹಳೆಯ ಪತ್ರಮಿತ್ರ ಗೌಸ್. ಸೋಫಿ ತಾವು ಹಿಡಿದ ಮೊತ್ತವನ್ನು, ಅಂದರೆ ಇಂದು ಸರಾಸರಿ ವಕ್ರತೆ ಎನ್ನುವುದನ್ನು, ಶುದ್ಧ ಗಣಿತವಾಗಿ ವಿವರಿಸಿ ಬರೆದ ಲೇಖನ 1831ರಲ್ಲಿ ಬರ್ಲಿನ್ನಿನ ಕ್ರೆಲ್ಲೆ ಪತ್ರಿಕೆಯಲ್ಲಿ ಬಂತು. ಒಂದು ಮೇಲ್ಮೈಯ ಬಾಗಿನ ಬಗ್ಗೆ ಹೇಳಬೇಕಾದ ಎರಡು ಮಾತುಗಳಲ್ಲಿ ಗುಣಲಬ್ಧ ಗೌಸ್ ಹೆಸರಲ್ಲಿದೆ, ಮೊತ್ತ ಸೋಫಿಯ ಕೈಯದು.

ಹಿಗ್ಗು ಮತ್ತು ಬಾಗು ಎರಡನ್ನೂ ಒಟ್ಟಿಗೆ ಕೂರಿಸಿ ಚಿಪ್ಪುಗಳ ಶಾಸ್ತ್ರವನ್ನು ಬರೆದವರು ಇಂಗ್ಲೆಂಡಿನ ಲವ್, 1888ರಲ್ಲಿ. ತಗಡು ತೆಳ್ಳಗಾದಂತೆ ಇವೆರಡರ ನಡುವಿನ ಅಂತರ ಎಷ್ಟಾಗುತ್ತದೆ ನೋಡಿ. ದಪ್ಪವನ್ನು ಅರ್ಧ ಮಾಡಿದರೆ ಎಳೆತಕ್ಕೆ ಅದರ ತಡೆ ಅರ್ಧವಾಗುತ್ತದೆ. ಬಾಗಿಗೆ ಅದರ ತಡೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ತೆಳು ವಸ್ತು ಹಿಗ್ಗುವುದಕ್ಕಿಂತ ಬಾಗುವುದನ್ನೇ ಆರಿಸಿಕೊಳ್ಳುವುದು ಇದಕ್ಕೇ. 1 ಮಿಲಿಮೀಟರ್ ದಪ್ಪದ ತಗಡನ್ನು 1 ಮೀಟರ್ ತ್ರಿಜ್ಯಕ್ಕೆ ಬಾಗಿಸಿದರೆ ಹೊರಮೈ ಹಿಗ್ಗುವುದು ಸಾವಿರಕ್ಕೆ ಅರ್ಧ ಪಾಲು, ಒಳಮೈ ಅಷ್ಟೇ ಕುಗ್ಗುತ್ತದೆ, ನಡುವಿನ ಪದರ ಇದ್ದ ಹಾಗೇ ಇರುತ್ತದೆ.

ಈ ಸಣ್ಣ ಹಿಗ್ಗನ್ನು ನೇರವಾಗಿ ಅಳೆಯುವ ಸಾಧನ ಬಂದದ್ದು 1938ರಲ್ಲಿ, ಅಮೆರಿಕದಲ್ಲಿ. ಸ್ಟ್ರೇನ್ ಗೇಜ್ ಎಂದು ಹೆಸರು. ಸಿಮನ್ಸ್ ಮತ್ತು ರೂಜ್ ಎಂಬ ಇಬ್ಬರು ಬೇರೆ ಬೇರೆಯಾಗಿ ಕಂಡುಹಿಡಿದರು. ಕೂದಲಿನಂಥ ತಂತಿಯನ್ನು ತಗಡಿಗೆ ಅಂಟಿಸುತ್ತಾರೆ. ತಗಡು ಹಿಗ್ಗಿದರೆ ತಂತಿಯೂ ಹಿಗ್ಗಿ ಅದರ ವಿದ್ಯುತ್ ತಡೆ ಬದಲಾಗುತ್ತದೆ. ಮೇಲ್ಮೈಗೆ ಒಂದು, ಅಡಿಗೆ ಒಂದು ಅಂಟಿಸಬೇಕು. 2 ಮಿಲಿಮೀಟರ್ ತಗಡಿನಲ್ಲಿ ಮೇಲಿನದು ಹತ್ತು ಲಕ್ಷಕ್ಕೆ 700 ಪಾಲು ಹಿಗ್ಗು ತೋರಿಸಿತು, ಅಡಿಯದು 300 ಪಾಲು ಕುಗ್ಗು ತೋರಿಸಿತು ಎನ್ನಿ. ಎರಡರ ಸರಾಸರಿ 200, ಅದು ಎಳೆತದ್ದು. ವ್ಯತ್ಯಾಸದ ಅರ್ಧ 500, ಅದು ಬಾಗಿನದ್ದು. ಅದರಿಂದ ಲೆಕ್ಕ ಹಾಕಿದರೆ ತಗಡು 2 ಮೀಟರ್ ತ್ರಿಜ್ಯದ ವೃತ್ತದಂತೆ ಬಾಗಿದೆ ಎಂದು ಗೊತ್ತಾಗುತ್ತದೆ. ತಗಡು ಮೊದಲೇ ಬಾಗಿದ್ದರೆ ಗೇಜು ತೋರಿಸುವುದು ಅಂಟಿಸಿದ ನಂತರದ ಬದಲಾವಣೆಯನ್ನು ಮಾತ್ರ. ಸೋಫಿ ಕಳೆಯಿರಿ ಎಂದದ್ದು ಇದನ್ನೇ.

ಕೊನೆಯ ವರ್ಷಗಳು

ಪದಕ ಬಂದ ಮೇಲೂ ಸೋಫಿಗೆ ಇನ್‌ಸ್ಟಿಟ್ಯೂಟ್‌ನ ಬಾಗಿಲು ತೆರೆಯಲಿಲ್ಲ. ಸದಸ್ಯರ ಹೆಂಡತಿಯಲ್ಲದ ಹೆಂಗಸರಿಗೆ ಸಭೆಗೆ ಪ್ರವೇಶವೇ ಇರಲಿಲ್ಲ. ಗೆಳೆಯ ಫೂರಿಯೆ ಅಕಾಡೆಮಿಯ ಕಾರ್ಯದರ್ಶಿಯಾದ ಮೇಲೆ 1823ರಲ್ಲಿ ಆಕೆಗೆ ಸಭೆಯ ಟಿಕೆಟ್ ಕೊಡಿಸಿದರು. ತಮ್ಮ ಪ್ರಬಂಧವನ್ನು 1821ರಲ್ಲಿ ಸೋಫಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದರು.

ಈ ನಡುವೆ ಫರ್ಮಾನ ಕೊನೆಯ ಪ್ರಮೇಯದ ಮೇಲೂ ಕೆಲಸ ಸಾಗಿತ್ತು. ಅವಿಭಾಜ್ಯ ಸಂಖ್ಯೆಯೊಂದನ್ನು ಎರಡರಿಂದ ಗುಣಿಸಿ ಒಂದು ಕೂಡಿಸಿದರೆ ಮತ್ತೆ ಅವಿಭಾಜ್ಯವೇ ಬಂದರೆ, ಆ ಮೊದಲ ಸಂಖ್ಯೆಗೆ ಇಂದು ಸೋಫಿ ಜೆರ್ಮೈನ್ ಅವಿಭಾಜ್ಯ ಎನ್ನುತ್ತಾರೆ. 11 ಅಂಥದ್ದು, 23 ಬರುತ್ತದೆ. 23 ಕೂಡ ಅಂಥದ್ದೇ, 47 ಬರುತ್ತದೆ. ಫರ್ಮಾನ ಸಮಸ್ಯೆಯ ಒಂದು ದೊಡ್ಡ ಭಾಗವನ್ನು 100ಕ್ಕಿಂತ ಕಡಿಮೆಯ ಬೆಸ ಅವಿಭಾಜ್ಯಗಳಿಗೆಲ್ಲ ಬಿಡಿಸುವ ದಾರಿ ಆಕೆಯದು. ಅದು ಲೋಕಕ್ಕೆ ಗೊತ್ತಾದದ್ದು ಲೆಜಾಂಡ್ರೆ ತಮ್ಮ ಪ್ರಬಂಧದಲ್ಲಿ ಹಾಕಿದ ಒಂದು ಅಡಿಟಿಪ್ಪಣಿಯಿಂದ.

1829ರಲ್ಲಿ ಸ್ತನದ ಕ್ಯಾನ್ಸರ್ ಎಂದು ತಿಳಿಯಿತು. ನೋವಿನಲ್ಲೂ ಬರೆಯುವುದು ಬಿಡಲಿಲ್ಲ. ವಕ್ರತೆಯ ಲೇಖನ ಅಚ್ಚಾದ ವರ್ಷವೇ, 1831ರ ಜೂನ್ 27ರಂದು ತೀರಿಕೊಂಡರು. ವಯಸ್ಸು 55. ಮರಣ ಪತ್ರದಲ್ಲಿ ಉದ್ಯೋಗದ ಕಡೆ ಆಸ್ತಿಯ ಆದಾಯದಲ್ಲಿ ಬದುಕಿದವರು ಎಂದು ಬರೆದರು. ಗಣಿತದ ಮಾತಿಲ್ಲ. 1889ರಲ್ಲಿ ಐಫೆಲ್ ಗೋಪುರ ಕಟ್ಟಿದಾಗ ಅದರ ಮೇಲೆ 72 ವಿಜ್ಞಾನಿ, ಇಂಜಿನಿಯರುಗಳ ಹೆಸರು ಬರೆಸಿದರು. ಲಗ್ರಾಂಜ್, ಲಾಪ್ಲಾಸ್, ಲೆಜಾಂಡ್ರೆ, ಮಾಲುಸ್, ಪಾಯ್ಸನ್, ಫೂರಿಯೆ ಎಲ್ಲರೂ ಇದ್ದರು. ಬಾಗುವ ಲೋಹದ ಲೆಕ್ಕವಿಲ್ಲದೆ ನಿಲ್ಲದ ಆ ಗೋಪುರದ ಪಟ್ಟಿಯಲ್ಲಿ ಸೋಫಿ ಇರಲಿಲ್ಲ. ಪಟ್ಟಿಯಲ್ಲಿ ಹೆಂಗಸರೇ ಇರಲಿಲ್ಲ.

ಆಕೆಯ ಹೆಸರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ 2003ರಿಂದ ಗಣಿತದ ಪ್ರಶಸ್ತಿ ಕೊಡುತ್ತಿದೆ. ಆಕೆಯ ಸರಾಸರಿ ವಕ್ರತೆ ಆಕೆ ಕನಸಿನಲ್ಲೂ ಎಣಿಸದ ಕಡೆಗೆ ಹೋಗಿದೆ. 1973ರಲ್ಲಿ ಜರ್ಮನಿಯ ಹೆಲ್‌ಫ್ರಿಖ್ ಜೀವಕೋಶದ ತೆಳು ಪೊರೆ ಬಾಗಲು ಎಷ್ಟು ಶಕ್ತಿ ಬೇಕು ಎಂದು ಸೂತ್ರ ಬರೆದರು. ಮೊತ್ತದಿಂದ ಸಹಜ ಬಾಗನ್ನು ಕಳೆಯುವ ಲೆಕ್ಕವೇ ಅಲ್ಲೂ ಇದೆ. ನಮ್ಮ ರಕ್ತದ ಕೆಂಪು ಕಣ ನಡುವೆ ತಗ್ಗಿ ಉದ್ದಿನ ವಡೆಯಂತೆ ಯಾಕಿದೆ ಎಂಬುದನ್ನು ಇಂಥ ಸೂತ್ರದಿಂದ ವಿವರಿಸುತ್ತಾರೆ.

ಇನ್ನೊಂದು ಸಂಗತಿ ಉಳಿದಿದೆ. ಪದಕ ಬಂದ ಕೆಲವು ವರ್ಷಗಳ ನಂತರ ಸೋಫಿ ತಮ್ಮ ಸಿದ್ಧಾಂತವನ್ನು ತಿದ್ದಿ, ದಪ್ಪ ಒಂದೇ ಸಮ ಇಲ್ಲದ ತಗಡುಗಳನ್ನೂ ಸೇರಿಸಿ ಅಕಾಡೆಮಿಗೆ ಹೊಸ ಪ್ರಬಂಧ ಕೊಟ್ಟಿದ್ದರು. ಪರಿಶೀಲನೆಗೆ ಸಮಿತಿಯಾಯಿತು, ಪಾಯ್ಸನ್, ಲಾಪ್ಲಾಸ್, ಪ್ರೋನಿ ಅದರಲ್ಲಿದ್ದರು. ಸರಿಯಿಲ್ಲ ಎಂದಾದರೂ ಹೇಳಬಹುದಿತ್ತು. ಏನೂ ಹೇಳಲಿಲ್ಲ. ಆ ಪ್ರಬಂಧ ಪ್ರೋನಿಯವರ ಕಾಗದಪತ್ರಗಳ ನಡುವೆ ಬಿದ್ದಿತ್ತು. ಯಾರೋ ಹುಡುಕಿ ತೆಗೆದು ಅದನ್ನು 1880ರಲ್ಲಿ ಅಚ್ಚು ಹಾಕಿಸಿದರು. ಅಷ್ಟು ಹೊತ್ತಿಗೆ ಸೋಫಿ ತೀರಿಕೊಂಡು 49 ವರ್ಷ, ಕಿರ್ಚಾಫ್ ಅದೇ ತಗಡಿನ ಲೆಕ್ಕವನ್ನು ಸರಿಮಾಡಿ 30 ವರ್ಷ ಆಗಿತ್ತು.